"ಎಸ್‌ಸಿ ಮಕ್ಳು ಎದ್ದು ನಿಂತ್ಕೊಳಿ": ಒಬ್ಬ ಟೀಚರ್ ಜೊತೆ ನಡೆದ ಆಪ್ತಸಲಹೆ

ಮಂಡ್ಯ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನ ಟೀಚರ್ ಇವರು, ಮೈಸೂರಿಗೆ ನನ್ನ ಹತ್ರ ಬಂದಿದ್ದು ರಾತ್ರಿ ನಿದ್ದೆ ಬರಲ್ಲ ಅಂತ. ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದ್ದೀನಿ, ಅವರು ಒಪ್ಪಿದ ಮೇಲೇ ಬರೀತಿರೋದು, ಇಲ್ಲಿ ಸುಮಾ ಅಂತ ಕರೀತೀನಿ.

ಸ್ಕಾಲರ್‌ಶಿಪ್ ಅರ್ಜಿ ಟೈಮಲ್ಲಿ ಕ್ಲಾಸಿಗೆ ಲಿಸ್ಟ್ ಹಿಡ್ಕೊಂಡು ಬಂದು "ಎಸ್‌ಸಿ ಎಸ್‌ಟಿ ಮಕ್ಳೆಲ್ಲ ಎದ್ದು ನಿಂತ್ಕೊಳಿ, ಯಾರ್ದು ಇನ್ನೂ ಆರ್‌ಡಿ ನಂಬರ್ ಕೊಟ್ಟಿಲ್ಲ" ಅಂತ ಕೂಗೋದು ಆ ಸ್ಕೂಲಲ್ಲಿ ರೂಢಿ. ಆರ್‌ಡಿ ನಂಬರ್ ಅಂದ್ರೆ ಜಾತಿ ಆದಾಯ ಸರ್ಟಿಫಿಕೇಟ್ ಮೇಲಿರೋ ನಂಬರ್. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಲಿಸ್ಟ್ ಕಂಡ ತಕ್ಷಣ ಪೆನ್ ಕ್ಯಾಪ್ ಬೀಳಿಸ್ಕೊಂಡು ಡೆಸ್ಕ್ ಕೆಳಗೆ ಹುಡುಕೋಕೆ ಶುರು ಮಾಡ್ತಿದ್ದನಂತೆ, ಹೆಸರು ಕೂಗಿ ಮುಗಿಯೋವರ್ಗೂ ತಲೆ ಎತ್ತಲ್ಲ. ಎರಡನೇ ಸಲನೂ ಹಂಗೇ ಆದಾಗ ಸುಮಾಗೆ ವಿಷಯ ಅರ್ಥ ಆಯ್ತು. ಕೊನೆಗೆ ಅವನು ಸ್ಕಾಲರ್‌ಶಿಪ್ಪೇ ಬೇಡ ಅಂತ ಅಪ್ಪನ ಹತ್ರ ಹೇಳ್ಬಿಟ್ಟ.

2023ರಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಸಂವಿಧಾನ ಪೀಠಿಕೆ ಓದಿಸ್ತಾರೆ, "ಸ್ಥಾನಮಾನ ಮತ್ತು ಅವಕಾಶ ಸಮಾನತೆ" ಅಂತ ಆ ಹುಡುಗನೂ ಸಾಲಲ್ಲಿ ನಿಂತು ಹೇಳ್ತಾನೆ, ಒಳಗೆ ಬಂದ್ರೆ ಇದು. ಇದನ್ನ ಕೇಳಿ ನಂಗೆ ಹೊಟ್ಟೆ ಕಿವುಚಿದಂಗಾಯ್ತು.

ಸುಮಾ ಸ್ಟಾಫ್ ಮೀಟಿಂಗಲ್ಲಿ ಎದ್ದು "ಇದು ಜಾತೀಯತೆ ಸಾರ್" ಅಂತ ನೇರ ಹೇಳಿದ್ರು. ಅಲ್ಲಿಂದ ಶುರುವಾಯ್ತು. "ನಾವೇನ್ ಮೇಡಂ ಭೇದ ಮಾಡ್ತೀವಾ, ಅವ್ರಿಗೆ ದುಡ್ ಬರ್ಲಿ ಅಂತ ತಾನೆ ಒದ್ದಾಡ್ತಿರೋದು" ಅಂದ್ರು ಹೆಡ್‌ಮಾಸ್ಟ್ರು, ಮಿಕ್ಕವರು ಮಾತು ಬಿಟ್ರು, ಊಟದ ಡಬ್ಬಿ ತೆಗೆಯೋ ಹೊತ್ತಿಗೆ ಇವರ ಪಕ್ಕದ ಕುರ್ಚಿ ಖಾಲಿ. ರಾತ್ರಿ ಹನ್ನೊಂದಾದ್ರೂ ಸ್ಟಾಫ್ ವಾಟ್ಸಾಪ್ ಗ್ರೂಪ್ ನೋಡ್ಕೊಂಡು ಯಾರು ಏನಂದ್ರು ಅಂತ ಕೂತಿರ್ತಿದ್ರು. ಸುಮಾ ಊರಲ್ಲಿ ಬಲ ಇರೋ ಸಮುದಾಯದವರು, "ನಾನೇ ಮಾತಾಡ್ದಿದ್ರೆ ಇನ್ಯಾರು ಮಾತಾಡ್ತಾರೆ" ಅನ್ನೋ ಭಾರನೂ ಮೇಲಿತ್ತು.

ಮೊದಲು ನಿದ್ದೆ. ಒಂಬತ್ತು ಗಂಟೆ ಮೇಲೆ ಆ ಗ್ರೂಪ್ ಮ್ಯೂಟ್, ಫೋನು ಇನ್ನೊಂದು ರೂಮಲ್ಲಿ, ಮನಸ್ಸು ತೀರಾ ಕುಸಿದ ರಾತ್ರಿ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ ಅಂತ ಹೇಳಿದೆ.

ಆಮೇಲೆ ಹೆಡ್‌ಮಾಸ್ಟ್ರು ಯಾಕೆ ಅಷ್ಟು ಬಿಗಿ ಹಿಡಿದಿದ್ದಾರೆ ಅಂತ ಇಬ್ರೂ ಕೂತು ಯೋಚಿಸಿದ್ವಿ. ಕೆಡುಕು ಮಾಡ್ಬೇಕು ಅಂತ ಅಲ್ಲ, ಸ್ಕಾಲರ್‌ಶಿಪ್ ಅರ್ಜಿ ಹಾಕೋ ಎಸ್‌ಎಸ್‌ಪಿ ಪೋರ್ಟಲ್ ಲಾಸ್ಟ್ ಡೇಟು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಂದ ಎಷ್ಟಾಯ್ತು ಎಷ್ಟಾಯ್ತು ಅಂತ ಫೋನು, ಕ್ಲಾಸಲ್ಲಿ ಕೂಗಿದ್ರೆ ಐದು ನಿಮಿಷದಲ್ಲಿ ಮುಗಿಯುತ್ತೆ. ಅವರ ಮನಸ್ಸು ಬದಲಾಯಿಸೋ ಕೆಲಸ ಸದ್ಯ ಬಿಡಿ, ಕೂಗೋದು ನಿಲ್ಲಿಸೋ ಕೆಲಸ ಹಿಡೀರಿ ಅಂದೆ. "ನಾನು ಜಾತಿವಾದಿ" ಅಂತ ಯಾರೂ ಮೀಟಿಂಗಲ್ಲಿ ಒಪ್ಕೊಳ್ಳಲ್ಲ, ಆದ್ರೆ ಕೆಲಸ ಮಾಡೋ ರೀತಿ ಬದಲಾಯಿಸೋಕೆ ಒಪ್ತಾರೆ. ಮಕ್ಕಳ ಜಾತಿ ಮಾಹಿತಿ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ ಆಗ್ಲೇ ಇದೆ, ಲಿಸ್ಟ್ ಆಫೀಸಲ್ಲೇ ತೆಗೀಬಹುದು, ಜಾತಿ ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ರು ಅಪ್ಪ ಅಮ್ಮನಿಗೆ ಫೋನ್ ಮಾಡಿ ಕೇಳಬಹುದು, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಮಕ್ಕಳಿಗೂ ಸ್ಕಾಲರ್‌ಶಿಪ್ ಇರೋದ್ರಿಂದ ಇಡೀ ಕ್ಲಾಸಿಗೆ ಒಂದೇ ಥರದ ಚೀಟಿ ಮನೆಗೆ ಕಳಿಸಬಹುದು. ಕ್ಲಾಸಲ್ಲಿ ಯಾರನ್ನೂ ನಿಲ್ಲಿಸೋ ಅಗತ್ಯನೇ ಇಲ್ಲ.

"ಹಂಗಾದ್ರೆ ಆ ಫೋನ್ ಕೆಲಸ ಎಲ್ಲ ನಾನೇ ಮಾಡ್ತೀನಿ" ಅಂದ್ರು ಸುಮಾ. ಬೇಡ ಅಂದೆ. ಒಬ್ಬರೇ ಹೊತ್ಕೊಂಡ್ರೆ ಅದು "ಸುಮಾ ಮೇಡಂ ಹುಚ್ಚು" ಆಗುತ್ತೆ, ನಾಳೆ ಟ್ರಾನ್ಸ್‌ಫರ್ ಆದ್ರೆ ಅಲ್ಲಿಗೇ ಮುಗೀತು. ಕ್ಲಾಸ್ ಟೀಚರ್‌ಗಳಿಗೆ ಹಂಚಿ, ಮೀಟಿಂಗ್ ನಡಾವಳಿ ಪುಸ್ತಕದಲ್ಲಿ ಬರೆಸಿ, ಎಲ್ಲರ ಸೈನ್ ಇರ್ಲಿ.

ಜೊತೆಗೆ ಯಾರಾದ್ರೂ ಒಬ್ರು ಇದ್ದಾರಾ ಅಂತ ಕೇಳಿದ್ದಕ್ಕೆ ಪೀಟಿ ಮಾಸ್ತ್ರ ವಿಷಯ ಬಂತು. ಮೀಟಿಂಗ್ ಆದ ದಿನ ಸಂಜೆ ಬೈಕ್ ಹತ್ರ ಬಂದು ಮೆಲ್ಲಗೆ "ನನ್ನೂ ಹಂಗೇ ನಿಲ್ಲಿಸ್ತಿದ್ರು ಮೇಡಂ" ಅಂದಿದ್ರಂತೆ. ಸುಮಾಗೆ ಅವರನ್ನ ಮೀಟಿಂಗಲ್ಲಿ ಮಾತಾಡಿಸ್ಬೇಕು ಅಂತ ಆಸೆ. ನಾನು ಗಟ್ಟಿಯಾಗಿ ಬೇಡ ಅಂದೆ, ಅದು ಅವರ ಬದುಕು, ಯಾರ ಮುಂದೆ ಯಾವಾಗ ಹೇಳ್ಬೇಕು ಅನ್ನೋದು ಅವರಿಗೆ ಬಿಟ್ಟಿದ್ದು. ಹುಡುಗನ ವಿಷಯದಲ್ಲೂ ಅಷ್ಟೇ, ಅವನನ್ನ ಕರೆದು ಜಾತಿ ಬಗ್ಗೆ ಸಮಾಧಾನ ಹೇಳೋದು ಬೇಡ, ಅವನ ಅಪ್ಪನ ಹತ್ರ ಅರ್ಜಿ ಬಗ್ಗೆ ಮಾತ್ರ ಮಾತಾಡಿ.

ಆದ್ರೆ ಯಾರಾದ್ರೂ ಟೀಚರ್ ಮಗುವನ್ನ ಜಾತಿ ಹೆಸರು ಹಿಡಿದು ಬೈದ್ರೆ ಈ ತಾಳ್ಮೆ ಯಾವುದೂ ಬೇಡ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡೋದನ್ನೂ ನಿಷೇಧಿಸುತ್ತೆ, 1989ರ ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆ ಇದೆ, ಮಕ್ಕಳ ಸಹಾಯವಾಣಿ 1098 ಇದೆ, ಅವತ್ತೇ ಬರವಣಿಗೆಯಲ್ಲಿ ದೂರು ಕೊಡಿ ಅಂತ ಹೇಳಿದ್ದೀನಿ.

ನಡಾವಳಿಯಲ್ಲಿ ಬರೆದಿದ್ದಾಯ್ತು. ಹೆಡ್‌ಮಾಸ್ಟ್ರು ಒಪ್ಪಿದ್ದು "ಕೆಲಸ ಬೇಗ ಆಗುತ್ತೆ" ಅನ್ನೋ ಕಾರಣಕ್ಕೆ, ಇರ್ಲಿ. ಹುಡುಗನ ಅರ್ಜಿ ಹೋಗಿದೆ. ಸ್ಟಾಫ್‌ರೂಮಲ್ಲಿ ಇಬ್ರು ಇನ್ನೂ ಮಾತಾಡಲ್ಲ, ಸುಮಾ ಈಗ ಪೀಟಿ ಮಾಸ್ತ್ರು, ಇನ್ನೊಬ್ರು ಮೇಡಂ ಜೊತೆ ಊಟ ಮಾಡ್ತಾರೆ. ಬಿಸಿಯೂಟದಲ್ಲಿ ಮೊಟ್ಟೆ ತಿನ್ನೋರ್ಗೊಂದು ಸಾಲು ಬಾಳೆಹಣ್ಣಿನೋರ್ಗೊಂದು ಸಾಲು ಅಂತ ದೂರ ದೂರ ಕೂರಿಸೋದು ಹಂಗೇ ನಡೀತಿದೆ, ಅದನ್ನ ಈಗ್ಲೇ ಎತ್ಲಾ ಅಂತ ಕೇಳಿದ್ರು. ಜೂನಲ್ಲಿ ಹೊಸ ವರ್ಷಕ್ಕೆ ಎಲ್ಲಾ ಕ್ಲಾಸಿಂದೂ ಸಾಲು ಬದಲಾಗುತ್ತಲ್ಲ, ಆಗ ಕ್ಲಾಸ್ ಪ್ರಕಾರ ಕೂರಿಸೋಣ ಅಂತ ಕೇಳಿ, ಈ ಸಲ ಮೀಟಿಂಗಿಗೆ ಮುಂಚೆನೇ ಆ ಮೇಡಂ ಹತ್ರ ಮಾತಾಡ್ಕೊಂಡು ಹೋಗಿ ಅಂದಿದ್ದೀನಿ.