ಎಕೋ ರಿಪೋರ್ಟಿನಲ್ಲಿ 'ಟಿಎಪಿವಿಸಿ' ಅಂತಿದೆ, ಹಾಗಂದರೇನು?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ 5 ವಾರ. ಹಾಲು ಕುಡಿಯುವಾಗ ಏದುಸಿರು ಬರುತ್ತದೆ, ತೂಕ ಏರುತ್ತಿಲ್ಲ. ಎಕೋದಲ್ಲಿ 'ಟಿಎಪಿವಿಸಿ, ಸುಪ್ರಾಕಾರ್ಡಿಯಾಕ್' ಅಂತ ಬಂದಿದೆ. ಪರಿಚಯದವರ ಮಗುವಿಗೆ 'ಇನ್‌ಫ್ರಾಕಾರ್ಡಿಯಾಕ್' ಇತ್ತಂತೆ, ಹುಟ್ಟಿದ ಎರಡೇ ದಿನಕ್ಕೆ ಆಪರೇಷನ್ ಆಯಿತಂತೆ. ವ್ಯತ್ಯಾಸ ಏನು? ಬಸುರಿಯಲ್ಲಿ ನಾನೇ ಏನಾದರೂ ತಪ್ಪು ಮಾಡಿದೆನಾ?

ಉತ್ತರ: ಖಂಡಿತ ಇಲ್ಲಮ್ಮ. ಶ್ವಾಸಕೋಶದಿಂದ ಹೃದಯಕ್ಕೆ ಬರುವ ನಾಳಗಳು ಕೂಡಿಕೊಳ್ಳುವುದು ಗರ್ಭದ ಮೊದಲ ಎರಡು ತಿಂಗಳೊಳಗೆ. ಎಷ್ಟೋ ಜನರಿಗೆ ಆಗ ಬಸುರಿ ಅಂತಲೇ ಗೊತ್ತಿರುವುದಿಲ್ಲ. ಆ ಭಾರ ಇಳಿಸಿಬಿಡಿ.

ಸಾಮಾನ್ಯವಾಗಿ ಶ್ವಾಸಕೋಶದಿಂದ ಶುದ್ಧ ರಕ್ತ ತರುವ ನಾಲ್ಕು ನಾಳಗಳು ಹೃದಯದ ಎಡಗಡೆಯ ಮೇಲಿನ ಕೋಣೆಗೆ ಸೇರುತ್ತವೆ. ನಿಮ್ಮ ಮಗಳಿಗೆ ನಾಲ್ಕೂ ಬಲಗಡೆಗೆ ಸೇರಿವೆ, 'ಟಿಎಪಿವಿಸಿ' ಅಂದರೆ ಇದೇ. ಒಂದೆರಡು ಮಾತ್ರ ದಾರಿ ತಪ್ಪಿದ್ದರೆ ಅದು 'ಪಾರ್ಷಿಯಲ್', ಕೆಲವರಿಗೆ ದೊಡ್ಡವರಾದ ಮೇಲೆ ಗೊತ್ತಾಗುವುದೂ ಉಂಟು. ರಿಪೋರ್ಟಿನಲ್ಲಿ 'ಎಎಸ್‌ಡಿ', ಅಂದರೆ ಮೇಲಿನ ಎರಡು ಕೋಣೆಗಳ ನಡುವಿನ ತೂತು, ಇರುತ್ತದಲ್ವಾ, ಅದನ್ನು ನೋಡಿ ಹೆದರಬೇಡಿ. ಎಡಗಡೆಗೆ ರಕ್ತ ಹೋಗುತ್ತಿರುವುದೇ ಆ ತೂತಿನಿಂದ, ಈಗ ಮಗುವಿನ ಜೀವ ಹಿಡಿದಿರುವುದು ಅದೇ.

ನೀವು ಕೇಳಿದ ಹೆಸರುಗಳು 1957ರಲ್ಲಿ ಡಾರ್ಲಿಂಗ್ ಮತ್ತು ಜೊತೆಗಾರರು ಮಾಡಿದ ವಿಂಗಡಣೆಯವು, ನಾಳಗಳು ಎಲ್ಲಿಗೆ ಹೋಗಿ ಸೇರಿವೆ ಅನ್ನುವುದರ ಮೇಲೆ. ಸುಪ್ರಾಕಾರ್ಡಿಯಾಕ್‌ನಲ್ಲಿ ಹೃದಯದ ಹಿಂದೆ ಒಂದಾಗಿ ಮೇಲಕ್ಕೆ ಹೋಗಿ ಕತ್ತಿನ ಕೆಳಗಿನ ದೊಡ್ಡ ಅಭಿಧಮನಿಗೆ ಸೇರುತ್ತವೆ, ಇದೇ ಜಾಸ್ತಿ ಕಾಣುವುದು. ಕಾರ್ಡಿಯಾಕ್‌ನಲ್ಲಿ ಹೃದಯದ ಬಲಭಾಗಕ್ಕೇ. ಇನ್‌ಫ್ರಾಕಾರ್ಡಿಯಾಕ್‌ನಲ್ಲಿ ವಪೆ ದಾಟಿ ಕೆಳಗಿಳಿದು, ಹೆಚ್ಚಾಗಿ ಪಿತ್ತಜನಕಾಂಗದ ನಾಳಕ್ಕೆ. ಆ ದಾರಿ ಉದ್ದ, ಇಕ್ಕಟ್ಟು, ರಕ್ತ ಸರಾಗವಾಗಿ ವಾಪಸ್ ಬರದೆ ಶ್ವಾಸಕೋಶದಲ್ಲೇ ಕಟ್ಟಿಕೊಳ್ಳುತ್ತದೆ, ಹುಟ್ಟಿದ ಕೂಡಲೇ ಮಗು ನೀಲಿಯಾಗುತ್ತದೆ. ಆ ಮಗುವಿಗೆ ಅಷ್ಟು ಅವಸರ ಇದ್ದದ್ದು ಇದಕ್ಕೇ. ಎರಡು ಮೂರು ದಾರಿ ಸೇರಿದ್ದರೆ 'ಮಿಕ್ಸೆಡ್'.

ಆದರೆ ಹೆಸರಿಗಿಂತ ಮುಖ್ಯವಾದದ್ದು 'ಅಬ್‌ಸ್ಟ್ರಕ್ಷನ್', ಅಂದರೆ ನಾಳದ ದಾರಿಯಲ್ಲಿ ಅಡಚಣೆ, ಇದೆಯಾ ಇಲ್ಲವಾ ಅನ್ನುವುದು. ಸುಪ್ರಾಕಾರ್ಡಿಯಾಕ್‌ನಲ್ಲೂ ಮೇಲೇರುವ ನಾಳ ಶ್ವಾಸನಾಳದ ಕವಲು ಮತ್ತು ಶ್ವಾಸಕೋಶದ ಅಪಧಮನಿಯ ನಡುವೆ ಸಿಕ್ಕಿ ಹಿಸುಕಿಹೋಗಬಹುದು. ನಾಳೆಯೇ ಡಾಕ್ಟರನ್ನು ಇದೊಂದು ಕೇಳಿ. ಇಲ್ಲ ಅಂದರೂ ಆಪರೇಷನ್ ಬೇಕೇ ಬೇಕು, ಔಷಧಿಯಿಂದ ಸರಿಹೋಗುವುದಲ್ಲ. ತೂಕ ಏರಲಿ ಅಂತ ಸುಮ್ನೆ ಕಾಯಬೇಡಿ, ಅವರು ಹೇಳಿದ ದಿನಕ್ಕೆ ಮಾಡಿಸಿ. ಒಂದಾದ ನಾಳವನ್ನು ಎಡ ಕೋಣೆಯ ಬೆನ್ನಿಗೆ ಹೊಲಿದು ತೂತು ಮುಚ್ಚುತ್ತಾರೆ. ಕೆಲವು ಮಕ್ಕಳಲ್ಲಿ ಮುಂದೆ ಹೊಲಿಗೆಯ ಜಾಗ ಕಿರಿದಾಗುವುದರಿಂದ ಆಮೇಲಿನ ಎಕೋಗಳನ್ನು ತಪ್ಪಿಸಬೇಡಿ.

ಅಷ್ಟರೊಳಗೆ ತುಟಿ ನೀಲಿಯಾದರೆ, ಉಸಿರಾಟಕ್ಕೆ ಪಕ್ಕೆ ಒಳಗೆ ಎಳೆದರೆ, ಹಾಲು ಬಿಟ್ಟರೆ, ಅಪಾಯಿಂಟ್‌ಮೆಂಟ್ ಕಾಯದೆ ನೇರ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.