ಸಿಟೌಟಿಗೆ ಯಾವ ಕುರ್ಚಿ? ಉಪ್ಪುಗಾಳಿಯನ್ನೇ ಕೇಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ನಿಂತು ಅಂಗಳ ಒಣಗುತ್ತಿದ್ದ ಹಾಗೆ ಹೊರಗೆ ಕೂರುವ ಆಸೆ ಎಲ್ಲರಿಗೂ ಬರುತ್ತದೆ. ಈ ಸಲದ ಪತ್ರಗಳೆಲ್ಲ ಉತ್ತರ ಕನ್ನಡದಿಂದಲೇ ಬಂದಿವೆ, ಎಲ್ಲವೂ ಕುರ್ಚಿ-ಬೆಂಚಿನ ವಿಚಾರ.

ಪ್ರಶ್ನೆ: ಕೋಡಿಬಾಗದಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಪಶ್ಚಿಮಕ್ಕೆ 12 ಅಡಿ ಉದ್ದ, 10 ಅಡಿ ಅಗಲದ ಸಿಟೌಟ್ ಇದೆ. ಅರ್ಧಕ್ಕೆ ಮಾತ್ರ ಶೀಟು. ನಮ್ಮ ಯಜಮಾನರು ಬಳ್ಳಿ ಡಿಸೈನಿನ ಕಬ್ಬಿಣದ ಸೆಟ್ ನೋಡಿ ಬಂದಿದ್ದಾರೆ, ಒಂದು ದುಂಡು ಮೇಜು, ನಾಲ್ಕು ಕುರ್ಚಿ. ನನಗೆ ಮರದ್ದು ಇಷ್ಟ. ಯಾವುದು ತರೋಣ, ಹೇಗೆ ಇಡೋಣ?
– ಓದುಗರೊಬ್ಬರು, ಕಾರವಾರ

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮನೆಯಲ್ಲಿರುವ ಪ್ಲಾಸ್ಟಿಕ್ ಕುರ್ಚಿಯನ್ನೇ ಅಲ್ಲಿಗೆ ಒಯ್ದು ಒಂದು ವಾರ ಕೂತು ನೋಡಿ. ಬೆಳಗಿನ ಚಾ ಅಲ್ಲಿ, ಸಂಜೆಯ ಹರಟೆ ಅಲ್ಲಿ. ಬಿಸಿಲು ಎಲ್ಲಿ ಕಣ್ಣಿಗೆ ಹೊಡೆಯುತ್ತದೆ, ಪಕ್ಕದ ಮನೆಯ ಕಿಟಕಿ ಎಲ್ಲಿ ಎದುರಾಗುತ್ತದೆ, ನೀವೆಲ್ಲ ತಂತಾನೇ ಯಾವ ಮೂಲೆಗೆ ಸರಿದು ಕೂರುತ್ತೀರಿ, ಇದೆಲ್ಲ ಅಂಗಡಿಯಲ್ಲಿ ನಿಂತು ಗೊತ್ತಾಗುವಂಥದ್ದಲ್ಲ.

ಕಬ್ಬಿಣದ ಬಗ್ಗೆ ನನಗೆ ಸ್ವಲ್ಪ ಕಹಿ ಅನುಭವವೇ ಇದೆ. ನಮ್ಮ ಮನೆಗೂ ಒಮ್ಮೆ ಇಂಥದ್ದೇ ಸೆಟ್ ಬಂದಿತ್ತು. ಪೌಡರ್ ಕೋಟಿಂಗ್ ಮಾಡಿದೆ, ಹತ್ತು ವರ್ಷ ಏನೂ ಆಗಲ್ಲ ಅಂದಿದ್ದರು ಅಂಗಡಿಯವರು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ವೆಲ್ಡಿಂಗ್ ಇದ್ದ ಕಡೆಯೆಲ್ಲ ಬಣ್ಣ ಗುಳ್ಳೆ ಎದ್ದಿತು. ಬಿಳಿ ಪಂಚೆಯಲ್ಲಿ ಕೂತೆದ್ದ ಮಾವನವರ ಹಿಂದೆ ಕಂದು ಬಣ್ಣದ ಮುದ್ರೆ ಬಿತ್ತು. ಕೊನೆಗೆ ಗುಜರಿಯವನಿಗೆ ತೂಕಕ್ಕೆ ಕೊಟ್ಟೆವು. ಕೋಟಿಂಗ್ ಕೆಟ್ಟದ್ದು ಅಂತಲ್ಲ. ಅದು ಮೇಲಿನ ಅಂಗಿ ಇದ್ದ ಹಾಗೆ, ಒಂದು ಕಡೆ ಗೀರು ಬಿದ್ದರೆ ಸಾಕು, ಉಪ್ಪು ಮತ್ತು ತೇವ ಅಲ್ಲಿಂದ ಒಳಗೆ ಹೊಕ್ಕು ಬಣ್ಣದ ಅಡಿಯಲ್ಲೇ ಕಬ್ಬಿಣವನ್ನು ತಿನ್ನುತ್ತಾ ಹೋಗುತ್ತವೆ. ಕಬ್ಬಿಣವೇ ಬೇಕೆಂದರೆ ಸತುವಿನ ಲೇಪ ಕೊಟ್ಟು, ಅಂದರೆ ಗ್ಯಾಲ್ವನೈಸ್ ಮಾಡಿಸಿ, ಆಮೇಲೆ ಬಣ್ಣ ಹೊಡೆಸಬೇಕು.

ಸಮುದ್ರದ ಪಕ್ಕ ಲೋಹದಲ್ಲಿ ನೆಚ್ಚಬಹುದಾದ್ದು ಅಲ್ಯೂಮಿನಿಯಂ. ಹಗುರ, ಕೆಂಪು ತುಕ್ಕು ಹಿಡಿಯುವುದಿಲ್ಲ. ಸ್ಟೀಲ್ ಆದರೆ 316 ಗ್ರೇಡ್ ಕೇಳಿ. ಅದರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇರುವುದರಿಂದ ಉಪ್ಪನ್ನು 304 ಗ್ರೇಡಿಗಿಂತ ಚೆನ್ನಾಗಿ ತಡೆಯುತ್ತದೆ. ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಹಾಗಾಗಿ ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಪ್ಲಾಸ್ಟಿಕ್ ಬೆತ್ತ ಹೆಣೆದ ಸೋಫಾ ಕೊಳ್ಳುವಾಗ ಕಿಸೆಯಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ, ಅದನ್ನು ಬುಡ ಮೇಲು ಮಾಡಿಸಿ ಫ್ರೇಮಿಗೆ ಹಿಡಿಯಿರಿ. ಗಟ್ಟಿಯಾಗಿ ಕಚ್ಚಿದರೆ ಒಳಗಿರುವುದು ಕಬ್ಬಿಣ. ಅಂಗಡಿಯವರು ಮುಖ ಸಿಂಡರಿಸಬಹುದು, ಸಿಂಡರಿಸಲಿ ಬಿಡಿ. ಅಲ್ಯೂಮಿನಿಯಂ ಕುರ್ಚಿಗೆ ಕಬ್ಬಿಣದ ಸ್ಕ್ರೂ ಹಾಕಿದ್ದಾರಾ ಅಂತಲೂ ನೋಡಿ. ಎಷ್ಟೋ ಸಲ ಕುರ್ಚಿ ನೆಟ್ಟಗಿದ್ದು ಸ್ಕ್ರೂ ಕರಗಿ ಹೋಗಿರುತ್ತದೆ.

ಇನ್ನೊಂದು ಮಾತು ಕೇಳಿದರೆ ವಿಚಿತ್ರ ಅನಿಸಬಹುದು. ನಿಮ್ಮಲ್ಲಿ ಶೀಟಿನ ಅಡಿ ಇಟ್ಟ ಲೋಹವೇ ಬೇಗ ಕೆಡಬಹುದು. ಬಯಲಲ್ಲಿದ್ದದ್ದನ್ನು ಮಳೆ ತೊಳೆಯುತ್ತದೆ, ಮಾಡಿನ ಅಡಿ ಇದ್ದದ್ದರ ಮೇಲೆ ಉಪ್ಪು ಕೂತೇ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಸಿಹಿನೀರಲ್ಲಿ ಒರೆಸಿ. ಬಾವಿ ನೀರು ಸವಳಾಗಿದ್ದರೆ ಅದು ಬೇಡ, ನಲ್ಲಿ ನೀರು ಹಿಡಿಯಿರಿ.

ಈಗ ಜೋಡಣೆಗೆ ಬರೋಣ. 3 ಅಡಿಯ ದುಂಡು ಮೇಜು, ಕುರ್ಚಿ ಹಿಂದೆಳೆದು ಏಳಲು ಎರಡೂ ಕಡೆ ಎರಡೂವರೆ ಅಡಿ, ಒಟ್ಟು 8 ಅಡಿ. ನಿಮ್ಮ ಅಗಲ ಇರುವುದೇ 10. ಬಾಗಿಲಿನಿಂದ ಬಟ್ಟೆ ಒಣಗಿಸಲು ಹೊರಟವರು ಸೊಂಟ ತಿರುಚಿಕೊಂಡೇ ದಾಟಬೇಕಾಗುತ್ತದೆ. ಓಡಾಡುವ ದಾರಿಗೆ 3 ಅಡಿ ಖಾಲಿ ಬಿಡಲೇಬೇಕು. ನಾನಾಗಿದ್ದರೆ ಶೀಟಿನ ಅಡಿ ಒಂದು ಗೋಡೆಗೆ ತಾಗಿಸಿ ಚಿರೇಕಲ್ಲಿನ ಕಟ್ಟೆ ಕಟ್ಟಿಸುತ್ತಿದ್ದೆ. ಎತ್ತರ 17 ಇಂಚು, ಆಳ 18 ಇಂಚು, ಉದ್ದ 6 ಅಡಿ, ಮೇಲೆ ಕಡಪ ಕಲ್ಲು. ಮೂವರು ಆರಾಮಾಗಿ ಕೂರಬಹುದು, ಮಧ್ಯಾಹ್ನ ಒಬ್ಬರು ಮಲಗಲೂಬಹುದು. ಅದಕ್ಕೆ ಓರೆಯಾಗಿ ಎರಡು ಹಗುರ ಕುರ್ಚಿ, ಒಂದು ಸ್ಟೂಲು, ಅಷ್ಟೇ. ಮರದ ಆಸೆ ಆ ಎರಡು ಕುರ್ಚಿಯಲ್ಲಿ ತೀರಲಿ, ಸಾಗವಾನಿಯದ್ದು ಮಾಡಿಸಿ.

ಕುರ್ಚಿಗಳ ಮುಖ ನೇರ ಪಶ್ಚಿಮಕ್ಕೆ ಬೇಡ, ವಾಯವ್ಯಕ್ಕಿರಲಿ. ನಾವು ಹೊರಗೆ ಕೂರುವುದು ಹೆಚ್ಚಾಗಿ ನವೆಂಬರಿನಿಂದ ಫೆಬ್ರುವರಿವರೆಗೆ ಅಲ್ವಾ, ಆಗ ಸೂರ್ಯ ಮುಳುಗುವುದು ನೈಋತ್ಯದ ಕಡೆಗೆ ಸರಿದು. ಕಡಲೂ ಕಾಣುತ್ತದೆ, ಕಣ್ಣೂ ಕುಕ್ಕುವುದಿಲ್ಲ. ಜೂನ್ ಬಂದಾಗ ಎರಚಲು ನುಗ್ಗುವುದೂ ಅದೇ ನೈಋತ್ಯದಿಂದ. ಹಾಗಾಗಿ ಆ ಮೂಲೆಗೊಂದು ಸುತ್ತಿ ಮೇಲೆತ್ತುವ ಬಿದಿರಿನ ಪರದೆ ಹಾಕಿಸಿದರೆ ಚಳಿಗಾಲದ ಸಂಜೆಗೂ ಮಳೆಗಾಲಕ್ಕೂ ಒಂದೇ ಖರ್ಚು. ಹಿಂದಿನವರು ಮಡಲಿನ ತಟ್ಟಿ ಕಟ್ಟುತ್ತಿದ್ದದ್ದೂ ಇದಕ್ಕೇ.

ಮೇ ಮೊದಲ ವಾರಕ್ಕೆ ಹಗುರ ಸಾಮಾನು ಒಳಗೆ ಬರಲಿ. 2021ರ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಬಡಿದದ್ದು ಮೇ ಮಧ್ಯದಲ್ಲಿ, ಮಳೆಗಾಲ ಶುರುವಾಗುವ ಮೊದಲೇ. ಅಲ್ಯೂಮಿನಿಯಂ ಕುರ್ಚಿ ಹಾರುವುದಕ್ಕೆ ಅಷ್ಟು ದೊಡ್ಡ ಗಾಳಿಯೂ ಬೇಕಿಲ್ಲ.

ಪ್ರಶ್ನೆ: ಅಜ್ಜನ ಕಾಲದ ಹೆಬ್ಬಲಸಿನ ಬೆಂಚು ಜಗಲಿಯಲ್ಲಿದೆ. ಅದನ್ನು ಅಂಗಳಕ್ಕೆ, ತುಳಸಿಕಟ್ಟೆಯ ಪಕ್ಕ ಇಡಬೇಕು ಅಂತ ಮಗಳ ಆಸೆ. ಆಚಾರಿ ವಾರ್ನಿಶ್ ಹೊಡೆದರೆ ಏನೂ ಆಗಲ್ಲ ಅಂತಾನೆ. ಜೊತೆಗೆ ಬೆತ್ತದ ಕುರ್ಚಿ ಇಡಬಹುದಾ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಮಗಳಿಗೆ ನನ್ನ ಕಡೆಯಿಂದ ಕ್ಷಮೆ ಕೇಳಿ, ಬೆಂಚು ಜಗಲಿಯಲ್ಲೇ ಇರಲಿ. ಅಷ್ಟು ವರ್ಷ ಅದು ಗಟ್ಟಿಯಾಗಿ ಉಳಿದದ್ದು ಮಾಡಿನ ಅಡಿ ಇದ್ದದ್ದಕ್ಕೆ. ವಾರ್ನಿಶ್ ಮರದ ಮೇಲೆ ಒಂದು ಪೊರೆ ಕಟ್ಟುತ್ತದೆ. ಹೊರಗೆ ಬಿಸಿಲಿಗೆ ಮರ ಹಿಗ್ಗಿ ಕುಗ್ಗುವಾಗ ಆ ಪೊರೆ ಬಿರಿದು, ಬಿರುಕಿನಲ್ಲಿ ನೀರು ಇಳಿದು, ಹೊರಗೆ ಬರಲು ದಾರಿಯಿಲ್ಲದೆ ಒಳಗೇ ಕೊಳೆಸುತ್ತದೆ. ನವೆಂಬರಿನಿಂದ ಬೇಸಿಗೆವರೆಗೆ ಮಾತ್ರ ಹೊರಗಿಡುವುದಾದರೆ ಇಡಿ, ಆದರೆ ಕಾಲುಗಳ ಅಡಿ ಒಂದೊಂದು ಚಪ್ಪಟೆ ಕಲ್ಲು ಕೊಡಿ. ಮರ ನೀರು ಹೀರುವುದು ಹೆಚ್ಚಾಗಿ ಕೊಯ್ದ ತುದಿಯಿಂದ, ಒರಲೆ ಹತ್ತುವುದೂ ಅಲ್ಲಿಂದಲೇ. ಆ ತುದಿಗಳಿಗೆ ಗೇರೆಣ್ಣೆ, ಅದೇ ಗೇರುಬೀಜದ ಸಿಪ್ಪೆಯ ಎಣ್ಣೆ, ಎರಡು ಕೈ ಬಳಿಸಿ. ದೋಣಿಗೆ ಹಚ್ಚುತ್ತಾರಲ್ಲ, ಅದು. ಕೂರುವ ಜಾಗಕ್ಕೆ ಮಾತ್ರ ಬೇಡ, ಚರ್ಮ ಸುಡುತ್ತದೆ, ಬಳಿಯುವವರೂ ಕೈಗವಸು ಹಾಕಿಕೊಳ್ಳಲಿ.

ಬೆತ್ತ ಕೂಡ ಜಗಲಿಯ ಸಾಮಾನೇ. ನೆನೆದರೆ ಬೂಷ್ಟು, ಬಿಸಿಲಿಗೆ ಬಿಟ್ಟರೆ ಬಿರುಕು.

ಅದಕ್ಕಿಂತ ದೊಡ್ಡ ವಿಷಯ ಅಂದರೆ ನಿಮ್ಮ ಅಂಗಳ ಸುಮ್ನೆ ಖಾಲಿ ಇರುವ ಅಂಗಳವಲ್ಲ. ಕೊಯ್ಲಿನ ಹೊತ್ತಿಗೆ ಅಡಿಕೆ ಹರಡಬೇಕು, ಹೊರಗೆ ಕೂರುವ ಹವೆ ಇರುವುದೂ ಅದೇ ತಿಂಗಳುಗಳಲ್ಲಿ. ಆದ್ದರಿಂದ ಒಬ್ಬರೇ ಎತ್ತಿ ಸರಿಸಬಹುದಾದ ಮಡಚುವ ಕುರ್ಚಿಯೇ ನಿಮಗೆ ಸರಿ. ಬೆಂಚೇ ಬೇಕಾದರೆ ತೋಟದಲ್ಲಿ ಬಿದ್ದ ಅಡಿಕೆ ಮರದ ದಬ್ಬೆ ಇದೆಯಲ್ಲ. ಎರಡು ಚಿರೇಕಲ್ಲಿನ ಕಂಬದ ಮೇಲೆ ದಬ್ಬೆ ಹಾಸಿ ಹಗ್ಗದಲ್ಲಿ ಬಿಗಿದರಾಯಿತು. ಕೆಲವು ವರ್ಷ ಬಾಳಿಕೆ ಬರುತ್ತದೆ, ಕೆಟ್ಟರೆ ಬಚ್ಚಲ ಒಲೆಗೆ. ಒಂದು ಎಚ್ಚರ, ತೆಂಗಿನ ಮರದ ಅಡಿ ಮಾತ್ರ ಕೂರುವ ಜಾಗ ಮಾಡಬೇಡಿ.

ಪ್ರಶ್ನೆ: ಅಂಗಳದಲ್ಲಿಟ್ಟ ಪ್ಲಾಸ್ಟಿಕ್ ಕುರ್ಚಿಗಳು ಬಣ್ಣ ಹೋಗಿ ಬೆಳ್ಳಗಾಗಿವೆ. ಮತ್ತೆ ಬಣ್ಣ ಹೊಡೆಯಬಹುದಾ?
– ಓದುಗರೊಬ್ಬರು, ಕುಮಟಾ

ಉತ್ತರ: ಬೇಡ. ಬೆರಳಿನಿಂದ ಉಜ್ಜಿ ನೋಡಿ, ಸುಣ್ಣದ ಹಾಗೆ ಪುಡಿ ಅಂಟಿದರೆ ಬಿಸಿಲಿನ ನೇರಳಾತೀತ ಕಿರಣಕ್ಕೆ ಪ್ಲಾಸ್ಟಿಕ್ಕೇ ಸತ್ತಿದೆ ಅಂತ ಅರ್ಥ. ಹೇಳದೆ ಕೇಳದೆ ಕಾಲು ಮುರಿಯುವುದು ಇಂಥವೇ. ವಯಸ್ಸಾದವರನ್ನು ಅದರಲ್ಲಿ ಕೂರಿಸಬೇಡಿ, ಹೂಕುಂಡ ಇಟ್ಟುಕೊಳ್ಳಿ.

ಪ್ರಶ್ನೆ: ಹೊರಗಿನ ಸೋಫಾದ ಕುಶನ್ ಆಗಸ್ಟ್ ಬಂತೆಂದರೆ ವಾಸನೆ ಹೊಡೆಯುತ್ತದೆ. ಏನು ಮಾಡೋದು?
– ಓದುಗರೊಬ್ಬರು, ಅಂಕೋಲಾ

ಉತ್ತರ: ಆಗಸ್ಟಿನಲ್ಲಿ ಅದು ಹೊರಗೆ ಯಾಕಿದೆ ಅಂತ ನನ್ನ ಮರುಪ್ರಶ್ನೆ. ಜೂನ್ ಮೊದಲೇ ಚೆನ್ನಾಗಿ ಬಿಸಿಲಿಗೆ ಹಾಕಿ, ಕವರ್ ಬೇರೆ, ಫೋಮ್ ಬೇರೆ ಮಾಡಿ ಅಟ್ಟಕ್ಕೇರಿಸಿ. ಮಳೆಗಾಲಕ್ಕೆ ಚಾಪೆ ಮಡಚಿ ಹಾಕಿಕೊಂಡರೆ ಸಾಕು. ಹತ್ತಿ ತುಂಬಿದ್ದಾದರೆ ಹೊರಗಿನ ಆಸೆಯೇ ಬೇಡ, ಒಮ್ಮೆ ನೆನೆದರೆ ಗಂಟು ಕಟ್ಟುತ್ತದೆ.

ಪ್ರಶ್ನೆ: ಸಿಟೌಟಿನಲ್ಲಿ ಉಯ್ಯಾಲೆ ಹಾಕಿಸಬೇಕು. ಸರಪಳಿಯಾ, ಹಗ್ಗವಾ? ಎಷ್ಟು ಜಾಗ ಬೇಕು?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಹಿಂದೆ ಮುಂದೆ 3 ಅಡಿಯಾದರೂ ಖಾಲಿ ಬೇಕು, ಪಕ್ಕದ ಗೋಡೆಗೆ ಮಕ್ಕಳ ಮೊಣಕೈ ತಾಗಬಾರದು. ಕೊಕ್ಕೆಯನ್ನು ಸ್ಲ್ಯಾಬಿನ ಪ್ಲಾಸ್ಟರಿಗೆ ಹೊಡೆಸಬೇಡಿ, ತೊಲೆ ಇರುವ ಕಡೆಯೇ ಇರಲಿ. ಎಲ್ಲಿದೆ ಅಂತ ಎಂಜಿನಿಯರನ್ನು ಕೇಳಿ ಗುರುತು ಹಾಕಿಸಿಕೊಳ್ಳಿ. ಸರಪಳಿಯಾದರೆ ಮೇಲೆ ಹೇಳಿದ 316 ಸ್ಟೀಲು. ಅದು ದುಬಾರಿ ಅನಿಸಿದರೆ ದೋಣಿಯವರು ಬಳಸುವ ದಪ್ಪ ನೈಲಾನ್ ಹಗ್ಗ ನಡೆಯುತ್ತದೆ, ಆದರೆ ಅದು ಸವೆಯುವುದು ಕೊಕ್ಕೆಗೆ ತಾಗುವಲ್ಲಿ, ಕೆಳಗೆ ಕೂತವರಿಗೆ ಕಾಣುವುದೇ ಇಲ್ಲ. ತಿಂಗಳಿಗೊಮ್ಮೆ ಸ್ಟೂಲು ಹತ್ತಿ ನೋಡಿ.