ನಪಾಸಾದ ಅನಾಟಮಿಯನ್ನು ಎಲ್ಲಿ ಬಚ್ಚಿಡುತ್ತೀರಿ?

ದಾವಣಗೆರೆಯ ಓದುಗರೊಬ್ಬರ ಪತ್ರ: "ಮೊದಲ ವರ್ಷ ಅನಾಟಮಿಯಲ್ಲಿ ಡುಮ್ಕಿ ಹೊಡೆದೆ. ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯ ಸ್ಟೆಪ್ 1 ಕೂಡ ಎರಡನೇ ಸಲಕ್ಕೆ ಪಾಸಾಯಿತು. ಈಗ ಅಲ್ಲಿನ ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯ ಸ್ನಾತಕೋತ್ತರ ತರಬೇತಿಗೆ, ಅರ್ಜಿ ಹಾಕಬೇಕು. ಹಳೆಯದನ್ನು ಕೆದಕಬೇಡ, ಯಾರು ನೋಡುತ್ತಾರೆ ಎನ್ನುತ್ತಾರೆ ಸೋದರಮಾವ."

ಮಾವನವರ ಮಾತಿನಲ್ಲಿ ಎಳ್ಳಷ್ಟು ನಿಜವಿದೆ. ಇಲ್ಲಿ ಸ್ನಾತಕೋತ್ತರ ಸೀಟಿಗೆ ನೀಟ್ ಪಿಜಿ ಬರೆದರೆ ರ‍್ಯಾಂಕ್ ಒಂದೇ ಮಾತಾಡುತ್ತದೆ. ಅಲ್ಲಿ ಹಾಗಲ್ಲ. ಆ ಪರವಾನಗಿ ಪರೀಕ್ಷೆಯ, ಅಂದರೆ ಯುಎಸ್‌ಎಂಎಲ್‌ಇ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ನಿಮ್ಮ ಎರಡೂ ಪ್ರಯತ್ನಗಳಿರುತ್ತವೆ. ಅಂಕಪಟ್ಟಿ, ಕಾಲೇಜಿನಲ್ಲಿ ನೀವು ಹೇಗೆ ಓದಿದಿರೆಂದು ಡೀನ್ ಬರೆದು ಕಳಿಸುವ ಎಂಎಸ್‌ಪಿಇ ಪತ್ರ ಬೇರೆ. ಅವರ ಮೇಜಿನ ಮೇಲೇ ಇರುವುದನ್ನು ನೀವು ಯಾರಿಂದ ಮುಚ್ಚಿಡುತ್ತೀರಿ?

ಅರ್ಜಿಯ ಜೊತೆ ನೀವೇ ಬರೆಯುವ ಪರ್ಸನಲ್ ಸ್ಟೇಟ್‌ಮೆಂಟ್‌ನಲ್ಲಿ ಈ ಸೋಲಿಗೆ ನಾಲ್ಕೇ ವಾಕ್ಯ ಸಾಕು: ಏನಾಯಿತು, ಯಾಕಾಯಿತು, ಏನು ಬದಲಿಸಿದಿರಿ, ಪುರಾವೆ ಏನು. ಮನೆಯ ಕಷ್ಟವನ್ನೇ ಒಂದು ಪುಟ ತುಂಬಿಸಬೇಡಿ. "ಬಾಯಿಪಾಠ ಬಿಟ್ಟು ದಿನಕ್ಕೆ 40 ಪ್ರಶ್ನೆ ಬಿಡಿಸಿದೆ, ತಪ್ಪಾದವನ್ನು ಮರುದಿನ ಮತ್ತೆ ಬಿಡಿಸಿದೆ" ಎಂಬ ಮಾತಿಗೆ, ಅದು ನಿಜವಾಗಿದ್ದರೆ, ಹೆಚ್ಚು ತೂಕ.

ಪುರಾವೆ ಎಂದರೆ ಅದೇ ಪರೀಕ್ಷೆಯ ಮುಂದಿನ ಹಂತ, ಚಿಕಿತ್ಸೆಯ ಜ್ಞಾನ ಅಳೆಯುವ ಸ್ಟೆಪ್ 2 ಸಿಕೆ. 2022ರ ಜನವರಿಯಿಂದ ಸ್ಟೆಪ್ 1ಕ್ಕೆ ಪಾಸು, ಫೇಲು ಬಿಟ್ಟರೆ ಅಂಕವಿಲ್ಲ. ಹಾಗಾಗಿ ಕಣ್ಣೆಲ್ಲ ಸಿಕೆಯ ಮೂರಂಕಿಯ ಮೇಲೆ. 2025ರ ಜುಲೈಯಿಂದ ಪಾಸಾಗಲು 218 ಬೇಕು. ಒಮ್ಮೆ ಎಡವಿದವರು ಅಲ್ಲಿಗೆ ತಲುಪಿದರೆ ಸಾಲದು, ಚೆನ್ನಾಗಿ ದಾಟಬೇಕು. ಅರ್ಜಿಗಳು ರೆಸಿಡೆನ್ಸಿ ಕೊಡುವ ಆಸ್ಪತ್ರೆಗಳ ಪ್ರೋಗ್ರಾಂಗಳಿಗೆ ಕಾಣುವುದು ಸೆಪ್ಟೆಂಬರ್ ಕೊನೆಗೆ, ಫಲಿತಾಂಶಕ್ಕೆ ಎರಡರಿಂದ ನಾಲ್ಕು ವಾರ. ಆಗಸ್ಟ್ ಮಧ್ಯದೊಳಗೆ ಸಿಕೆ ಬರೆದು ಮುಗಿಸಿ. ಅಣಕು ಪರೀಕ್ಷೆಯಲ್ಲಿ ಅಂಕ ನಿಲ್ಲುತ್ತಿಲ್ಲವೆಂದರೆ ಒಂದು ವರ್ಷ ತಡವಾದರೂ ಆಗಲಿ. ಇನ್ನೊಂದು ಫೇಲಿಗೆ ವಿವರಣೆ ಹುಡುಕುವುದು ಬಲು ಕಷ್ಟ. ಕೆಲವು ಪ್ರೋಗ್ರಾಂಗಳು ಮೊದಲ ಪ್ರಯತ್ನದಲ್ಲಿ ಪಾಸಾಗದವರನ್ನು ಜರಡಿಯಲ್ಲೇ ಬಿಡುತ್ತವೆ. ಡಾಲರ್ ಕಟ್ಟುವ ಮುನ್ನ ಅವರ ವೆಬ್‌ಸೈಟ್ ನೋಡಿಕೊಳ್ಳಿ.

ಒಂದು ಪ್ರೋಗ್ರಾಂಗೆ ನಾಲ್ಕು ಶಿಫಾರಸು ಪತ್ರಗಳವರೆಗೆ ಕಳಿಸಬಹುದು. ವಾರ್ಡಿನಲ್ಲಿ ನಿಮ್ಮ ಕೆಲಸ ಕಂಡವರಿಂದಲೇ ಬರೆಸಿ. ನಮ್ಮಲ್ಲಿ ವಿದ್ಯಾರ್ಥಿಯೇ ಟೈಪ್ ಮಾಡಿ ತಂದ ಪತ್ರಕ್ಕೆ ವಿಭಾಗದ ಮುಖ್ಯಸ್ಥರು ಸಹಿ ಹಾಕುವ ರೂಢಿಯಿದೆಯಲ್ಲ, ಅದನ್ನು ಓದಿದವರಿಗೆ ಮೊದಲ ಸಾಲಿನಲ್ಲೇ ವಾಸನೆ ಹೊಡೆಯುತ್ತದೆ.

ಸೋಲನ್ನು ಬಚ್ಚಿಡಬೇಕು ಅನ್ನಿಸುವುದರಲ್ಲಿ ನಿಮ್ಮ ತಪ್ಪು ಕಡಿಮೆ. ಚಿನ್ನದ ಪದಕದವರಿಗೆ ಕಾಲೇಜಿನ ಗೇಟಿನಲ್ಲಿ ಫ್ಲೆಕ್ಸ್, ನಪಾಸಾದವರಿಗೆ ನೋಟಿಸ್ ಬೋರ್ಡು. ಮೊದಲ ಎಂಬಿಬಿಎಸ್ ದಾಟಲು ನಾಲ್ಕು ಪ್ರಯತ್ನಗಳೆಂದು ನಿಯಮ ಬರೆದಿದ್ದಾರೆ. ಎರಡನೇ ಪ್ರಯತ್ನಕ್ಕೆ ಮುಂಚೆ ಮಗುವನ್ನು ಕೂರಿಸಿಕೊಂಡು "ಎಲ್ಲಿ ತಪ್ಪಿತು?" ಎಂದು ಕೇಳುವ ಮೇಷ್ಟ್ರು ಎಷ್ಟು ಕಾಲೇಜುಗಳಲ್ಲಿದ್ದಾರೆ?

ರೆಸಿಡೆನ್ಸಿ ಸಂದರ್ಶನದಲ್ಲಿ ಈ ನಪಾಸಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ಅರ್ಜಿಯಲ್ಲಿ ಬರೆದದ್ದನ್ನೇ ಒಂದು ನಿಮಿಷದೊಳಗೆ ಹೇಳಿ ಮುಗಿಸಿ. ಮಾವನವರಿಗೆ ನನ್ನ ನಮಸ್ಕಾರ. ಅರ್ಜಿಯನ್ನು ಮಾತ್ರ ಅವರ ಕೈಗೆ ತಿದ್ದಲು ಕೊಡಬೇಡಿ.